ಇನ್ನೊಂದು ತುದಿ ಹಿಡಿಯುವವರು: ಬ್ರಿಸ್ಟಲ್ ಕನ್ನಡಿಗರ ಪ್ರಣಾಳಿಕೆ

ಜುಲೈ ತಿಂಗಳ ಮೊದಲ ಶನಿವಾರದ ಸಂಜೆ. ಬ್ರಿಸ್ಟಲ್ ನಗರದ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ಕೆರಿಬಿಯನ್ ಜನರ ಕಾರ್ನಿವಲ್ ಹಬ್ಬ ಮುಗಿಯುತ್ತಿತ್ತು. ಮಧ್ಯಾಹ್ನದಿಂದ ಎದೆಗೂಡನ್ನೇ ಅಲುಗಿಸುತ್ತಿದ್ದ ಆಳೆತ್ತರದ ಸ್ಪೀಕರುಗಳು ಒಂದೊಂದಾಗಿ ಬಾಯಿ ಮುಚ್ಚಿದ್ದವು. ರಸ್ತೆ ತುಂಬ ಕಾಗದದ ತಟ್ಟೆ, ಉದುರಿದ ಬಣ್ಣದ ಗರಿ, ಹೀರಿ ಬಿಸಾಡಿದ ಎಳನೀರಿನ ಬುರುಡೆ. ನಾವು ಐದಾರು ಕನ್ನಡ ಸಂಸಾರಗಳು ಮಕ್ಕಳ ಕೈ ಹಿಡಿದು ಕಾರು ನಿಲ್ಲಿಸಿದ ಕಡೆಗೆ ಹೊರಟಿದ್ದೆವು. ಹೊಟ್ಟೆ ತುಂಬಿತ್ತು, ಮೊಬೈಲೂ ತುಂಬಿತ್ತು.

ಒಂದು ಮನೆಯ ಮುಂದೆ ಎಪ್ಪತ್ತು ದಾಟಿದ ಜಮೈಕಾದ ಅಜ್ಜಿಯೊಬ್ಬರು ಉದ್ದನೆಯ ಮಡಿಸುವ ಮೇಜಿನ ಒಂದು ತುದಿ ಎತ್ತಿ ನಿಂತಿದ್ದರು. ತೆಂಗಿನ ಹಾಲಿನಲ್ಲಿ ಬೇಯಿಸಿದ ಕಾಳಿನ ಅನ್ನವನ್ನು ಮಧ್ಯಾಹ್ನ ಅದೇ ಮೇಜಿನ ಹಿಂದೆ ನಿಂತು ನಮಗೆ ಬಡಿಸಿದ್ದರು. ನಮ್ಮನ್ನು ನೋಡಿ ಅವರು ಆಡಿದ ಮಾತನ್ನು ಕನ್ನಡಕ್ಕೆ ತಂದರೆ ಇಷ್ಟು: "ನೋಡಿದ್ದಾಯ್ತು, ಉಂಡದ್ದಾಯ್ತು. ಈಗ ಆ ತುದಿ ಹಿಡೀರಪ್ಪ."

ನಮ್ಮಲ್ಲೊಬ್ಬರು ಹಿಡಿದರು. ಮೇಜು ಒಳಗೆ ಹೋಯಿತು. ಬಾಗಿಲಲ್ಲಿ ಅಜ್ಜಿ ಇನ್ನೊಂದು ಮಾತು ಕೇಳಿದರು, ಅದನ್ನು ಕೊನೆಗೆ ಹೇಳುತ್ತೇವೆ. ಕಾರಿನಲ್ಲಿ ಕೂತ ಮೇಲೆ ಯಾರೂ ಮಾತಾಡಲಿಲ್ಲ. ವರ್ಷಗಟ್ಟಲೆಯಿಂದ ಈ ಊರಿನಲ್ಲಿದ್ದೇವೆ, ಎಷ್ಟೋ ಸಲ ಈ ಹಬ್ಬಕ್ಕೆ ಬಂದಿದ್ದೇವೆ, ಒಂದು ಸಲವಾದರೂ ಒಂದು ಕುರ್ಚಿ ಎತ್ತಿಟ್ಟವರಲ್ಲ. ನಮ್ಮೂರ ಜಾತ್ರೆಯಲ್ಲಿ ಹೀಗೆ ಉಂಡು ಕೈ ತೊಳೆದು ಹೊರಟವರನ್ನು ನಮ್ಮ ಅಜ್ಜಿಯರು ಏನೆಂದು ಕರೆಯುತ್ತಿದ್ದರು ಎಂಬುದು ಎಲ್ಲರಿಗೂ ನೆನಪಿತ್ತು.

ಆ ಸಂಜೆಯ ನಾಚಿಕೆಯೇ ಈ ಪ್ರಣಾಳಿಕೆಯ ತವರು. ನಮ್ಮ ಘೋಷಣೆ ಇಷ್ಟೇ: ಬ್ರಿಸ್ಟಲ್‌ನಲ್ಲಿ ಆಫ್ರಿಕಾ ಮತ್ತು ಕೆರಿಬಿಯನ್ ಪರಂಪರೆಯ ಹಬ್ಬಗಳು ನಡೆಯುವಾಗ ಇಲ್ಲಿನ ಕನ್ನಡಿಗರು ಇನ್ನು ಬರೀ ನೋಡುವವರಾಗಿ ಇರುವುದಿಲ್ಲ. ಇನ್ನೊಂದು ತುದಿ ಹಿಡಿಯುತ್ತೇವೆ. ಇದನ್ನು ಯಾರೂ ಉಪಕಾರ ಎಂದುಕೊಳ್ಳಬೇಡಿ. ನಾವು ಸಾಲಗಾರರು, ಸಾಲ ತೀರಿಸಲು ಹೊರಟಿದ್ದೇವೆ. ಯಾವ ಸಾಲ ಎಂದು ಲೆಕ್ಕ ಒಪ್ಪಿಸುವುದು ನಮ್ಮ ಮೊದಲ ಕರ್ತವ್ಯ.

ಸಾಲದ ಮೊದಲ ಪುಟ: ಒಂದು ಬಸ್ಸು

ನಮ್ಮಲ್ಲಿ ಬಹಳ ಮಂದಿ ಇಲ್ಲಿಗೆ ಬಂದದ್ದು ವಿಮಾನ ಕಾರ್ಖಾನೆಯ ಕೆಲಸಕ್ಕೆ, ಆಸ್ಪತ್ರೆಯ ಕೆಲಸಕ್ಕೆ, ಸಾಫ್ಟ್‌ವೇರ್ ಕೆಲಸಕ್ಕೆ. ಅರ್ಜಿ ಹಾಕಿದೆವು, ಕರೆದರು, ಸೇರಿದೆವು. ಮೈಬಣ್ಣ ನೋಡಿ ಬಾಗಿಲಿನಿಂದಲೇ ವಾಪಸು ಕಳಿಸಲು ಕಾನೂನು ಬಿಡುವುದಿಲ್ಲ ಎಂಬ ಧೈರ್ಯ ಬೆನ್ನಿಗಿತ್ತು. ಆ ಧೈರ್ಯವನ್ನು ದುಡಿದು ಇಟ್ಟವರು ಬೇರೆಯವರು.

1963ರಲ್ಲಿ ಈ ಊರಿನಲ್ಲಿ ವೆಸ್ಟ್ ಇಂಡೀಸ್ ಮೂಲದವರು ಸುಮಾರು 3,000 ಮಂದಿ ಇದ್ದರು. ಬ್ರಿಸ್ಟಲ್ ಆಮ್ನಿಬಸ್ ಕಂಪನಿಗೆ ಆಳುಗಳ ಕೊರತೆ. ಆದರೂ ಕಪ್ಪುಜನರನ್ನಾಗಲಿ ಏಷ್ಯಾದವರನ್ನಾಗಲಿ ಡ್ರೈವರ್, ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಇಂಥವರನ್ನು ಬಸ್ಸಿನ ಮೇಲೆ ಹಾಕಬಾರದು ಎಂದು ಕಾರ್ಮಿಕ ಸಂಘದವರೇ 1955ರಲ್ಲಿ ಠರಾವು ಮಾಡಿದ್ದರು. ಇದನ್ನು ಬಯಲಿಗೆ ತರಬೇಕೆಂದು ಪಾಲ್ ಸ್ಟೀವನ್‌ಸನ್ ಎಂಬ ಯುವ ಅಧಿಕಾರಿ ಫೋನಿನಲ್ಲಿ ಒಬ್ಬ ಹುಡುಗನಿಗೆ ಸಂದರ್ಶನ ಗೊತ್ತುಮಾಡಿಸಿದರು. ಹುಡುಗನ ಹೆಸರು ಗಯ್ ಬೇಲಿ, ವಯಸ್ಸು ಹದಿನೆಂಟು, ಉಗ್ರಾಣವೊಂದರಲ್ಲಿ ಕೆಲಸ, ರಾತ್ರಿ ಶಾಲೆಯಲ್ಲಿ ಓದು. ಫೋನಿನಲ್ಲಿ ಎಲ್ಲವೂ ಸರಿಯಾಗಿತ್ತು. ಹುಡುಗ ಕಚೇರಿಯ ಮೆಟ್ಟಿಲು ಹತ್ತಿ ಮುಖ ತೋರಿಸಿದ ಮೇಲೆ ಸಂದರ್ಶನವೇ ಇಲ್ಲ ಎಂದರು.

ಏಪ್ರಿಲ್ 30ರಂದು ಬಸ್ ಬಹಿಷ್ಕಾರ ಶುರುವಾಯಿತು. ಸ್ಟೀವನ್‌ಸನ್ ಜೊತೆಗೆ ರಾಯ್ ಹ್ಯಾಕೆಟ್, ಓವನ್ ಹೆನ್ರಿ, ಆಡ್ಲಿ ಇವಾನ್ಸ್, ಪ್ರಿನ್ಸ್ ಬ್ರೌನ್ ನಿಂತರು. ಹ್ಯಾಕೆಟ್ ಮತ್ತು ಸಂಗಡಿಗರು ಫಿಶ್‌ಪಾಂಡ್ಸ್ ರಸ್ತೆಯಲ್ಲಿ ಬಸ್ಸುಗಳಿಗೆ ಅಡ್ಡ ಕೂತರು. ವಿಶ್ವವಿದ್ಯಾಲಯದ ಹುಡುಗರು ಮೆರವಣಿಗೆ ತೆಗೆದರು. ಆಗ ಲಂಡನ್ನಿನಲ್ಲಿ ಟ್ರಿನಿಡಾಡ್ ದೇಶದ ಹೈಕಮಿಷನರ್ ಆಗಿದ್ದ ಲಿಯರಿ ಕಾನ್‌ಸ್ಟಂಟೈನ್ ಬಹಿರಂಗವಾಗಿ ಬೆಂಬಲಕ್ಕೆ ಬಂದರು. ಅವರು ಬೇರೆ ಯಾರೂ ಅಲ್ಲ, ವೆಸ್ಟ್ ಇಂಡೀಸ್ ಕ್ರಿಕೆಟ್ ತಂಡದ ಹಳೆಯ ಹುಲಿ. ನಾಲ್ಕು ತಿಂಗಳು ಜಗ್ಗಾಡಿ ಆಗಸ್ಟ್ 28ರಂದು ಕಂಪನಿ ಮಣಿಯಿತು. ಅಟ್ಲಾಂಟಿಕ್‌ನ ಆಚೆ ದಡದಲ್ಲಿ, ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕನಸಿನ ಭಾಷಣ ಮಾಡಿದ್ದೂ ಅದೇ ದಿನ.

ಈಗ ನಮ್ಮ ಪಾಲಿನ ಸಂಗತಿ. ಬಣ್ಣದ ಅಡ್ಡಗೋಡೆ ಬಿದ್ದ ಮೇಲೆ, ಸೆಪ್ಟೆಂಬರ್ 17ರಂದು ಬ್ರಿಸ್ಟಲ್ ಬಸ್ಸಿನ ಕಂಡಕ್ಟರ್ ಆದ ಬಿಳಿಯನಲ್ಲದ ಮೊದಲ ವ್ಯಕ್ತಿ ಯಾರು? ರಘಬೀರ್ ಸಿಂಗ್ ಎಂಬ ಸಿಖ್ಖರು. ಜಮೈಕಾದ ಇಬ್ಬರು, ಪಾಕಿಸ್ತಾನದ ಇಬ್ಬರು ಅವರ ಹಿಂದೆ ಕೆಲವು ದಿನಗಳಲ್ಲಿ ಸೇರಿದರು.

ಇದನ್ನು ಎರಡು ಸಲ ಓದಿ. ರಸ್ತೆಯಲ್ಲಿ ಕೂತವರು ಕೆರಿಬಿಯನ್ ಜನ, ಮೊದಲ ಟಿಕೆಟ್ ಹರಿದವರು ಭಾರತದ ಮೂಲದವರು. ರಘಬೀರ್ ಸಿಂಗ್ ಅವರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಆದರೆ ಅಟ್ಟವರು ಕೂರುವ ಮೊದಲೇ ಪಂಕ್ತಿಯಲ್ಲಿ ಎಲೆ ಸಿಕ್ಕಿದ್ದು ನಮ್ಮ ಕಡೆಯವರಿಗೆ. 1965ರಲ್ಲಿ, 1968ರಲ್ಲಿ ಬ್ರಿಟನ್ ಜನಾಂಗ ಭೇದದ ವಿರುದ್ಧ ಕಾನೂನು ತಂದಿತು. ಕೆಲಸ ಮತ್ತು ಬಾಡಿಗೆ ಮನೆ ಎರಡೂ 1968ರ ಕಾನೂನಿನೊಳಗೆ ಬಂದವು. ಆ ಕಾನೂನಿಗೆ ದಾರಿ ಸವೆಸಿದ ಹೆಜ್ಜೆಗಳಲ್ಲಿ ಫಿಶ್‌ಪಾಂಡ್ಸ್ ರಸ್ತೆಯ ಹೆಜ್ಜೆಗಳೂ ಇವೆ. ನಾವು ಬಾಡಿಗೆ ಕರಾರಿಗೆ ಸಹಿ ಹಾಕುವಾಗ ಆ ಹೆಜ್ಜೆಗಳ ಮೇಲೇ ನಿಂತಿರುತ್ತೇವೆ.

ಎರಡನೇ ಪುಟ: ಬಂದರಿನ ನೀರು

ಊರಿನಿಂದ ಅಪ್ಪ ಅಮ್ಮ ಬಂದರೆ ನಾವು ಮೊದಲು ತೋರಿಸುವುದು ಕಾಲೇಜ್ ಗ್ರೀನ್‌ನಲ್ಲಿರುವ ರಾಜಾ ರಾಮಮೋಹನ ರಾಯರ ಪ್ರತಿಮೆ. ಆಮೇಲೆ ಆರ್ನೋಸ್ ವೇಲ್‌ನ ಸಮಾಧಿ. ರಾಯರು 1833ರ ಸೆಪ್ಟೆಂಬರ್ 27ರಂದು ಇದೇ ಊರಿನಲ್ಲಿ ತೀರಿಕೊಂಡರು. ಅದಕ್ಕೆ ಸರಿಯಾಗಿ ಮೂವತ್ತು ದಿನ ಹಿಂದೆ, ಆಗಸ್ಟ್ 28ಕ್ಕೆ, ಬ್ರಿಟಿಷ್ ಸಾಮ್ರಾಜ್ಯದ ಗುಲಾಮಗಿರಿ ರದ್ದತಿಯ ಕಾಯ್ದೆಗೆ ದೊರೆಯ ಮುದ್ರೆ ಬಿದ್ದಿತ್ತು. ನೂರಾ ಮೂವತ್ತು ವರ್ಷ ಕಳೆದು ಅದೇ ತಾರೀಖಿಗೆ ಬಸ್ಸಿನ ಬಾಗಿಲು ತೆರೆಯಿತು.

ಪ್ರತಿಮೆಯಿಂದ ಹತ್ತು ನಿಮಿಷ ಇಳಿದು ನಡೆದರೆ ಬಂದರು. ನಾವು ಐಸ್‌ಕ್ರೀಮ್ ತಿನ್ನುವ ಜಾಗ. 1698ರಿಂದ 1807ರವರೆಗೆ ಈ ನೀರಿನಿಂದ ಸುಮಾರು 2,100 ಹಡಗುಗಳು ಗುಲಾಮರ ವ್ಯಾಪಾರಕ್ಕೆ ಹೊರಟವು. ಅವು ಆಫ್ರಿಕಾದ ಕರಾವಳಿಯಿಂದ ಹೊತ್ತೊಯ್ದವರು ಐದು ಲಕ್ಷಕ್ಕೂ ಹೆಚ್ಚು ಮಂದಿ ಎಂದು ಇತಿಹಾಸಕಾರರ ಅಂದಾಜು. ಹಿಂದಿರುಗುವಾಗ ಹಡಗಿನ ಹೊಟ್ಟೆಯಲ್ಲಿ ಸಕ್ಕರೆ, ತಂಬಾಕು, ರಮ್ಮು. ಈ ಊರಿನ ಚೆಂದದ ಕಲ್ಲುಮನೆಗಳ ಸಾಲಿನಲ್ಲಿ ಆ ಸಕ್ಕರೆಯ ಪಾಕ ಬಹಳ ಸೇರಿದೆ.

ಬಂದರಿಗೆ ಅಡ್ಡಲಾಗಿ ಎರಡು ಕೊಂಬಿನಂಥ ರಚನೆ ಹೊತ್ತ ಕಾಲುಸೇತುವೆಯೊಂದಿದೆ. 1999ರಲ್ಲಿ ತೆರೆದ ಅದರ ಹೆಸರು ಪೆರೋಸ್ ಬ್ರಿಜ್. ಪೆರೋ ಹನ್ನೆರಡರ ಹುಡುಗನಾಗಿದ್ದಾಗ ನೆವಿಸ್ ದ್ವೀಪದ ತೋಟದ ದಣಿ ಜಾನ್ ಪಿನ್ನಿ ಅವನನ್ನು ಕೊಂಡ. 1783ರಲ್ಲಿ ತನ್ನ ಜೊತೆ ಬ್ರಿಸ್ಟಲ್‌ಗೆ ತಂದ. ಪೆರೋ ದಣಿಯ ಚಾಕರಿ ಮಾಡಿಕೊಂಡೇ 1798ರಲ್ಲಿ ತೀರಿಕೊಂಡ. ಪಿನ್ನಿಯ ಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿನ ಅಡುಗೆಮನೆಯ ತಾಮ್ರದ ಪಾತ್ರೆಗಳ ಮುಂದೆ ನಾವೂ ಫೋಟೋ ತೆಗೆಸಿಕೊಂಡಿದ್ದೇವೆ.

ಅದೇ ಸೇತುವೆಯ ಹತ್ತಿರ, 2020ರ ಜೂನ್ 7ರಂದು, ಗುಲಾಮರ ವ್ಯಾಪಾರದ ಪಾಲುದಾರ ಎಡ್ವರ್ಡ್ ಕೋಲ್ಸ್‌ಟನ್‌ನ ಕಂಚಿನ ಪ್ರತಿಮೆಯನ್ನು ಜನ ಎಳೆದು ತಂದು ನೀರಿಗೆ ಕೆಡವಿದರು. ಆತ ಸತ್ತದ್ದು 1721ರಲ್ಲಿ, ಪ್ರತಿಮೆ ಎದ್ದದ್ದು 1895ರಲ್ಲಿ. ಈಗ ಅದನ್ನು ಎಂ ಶೆಡ್ ಸಂಗ್ರಹಾಲಯದಲ್ಲಿ ಬಳಿದ ಬಣ್ಣ ಬಳಿದಂತೆಯೇ ಅಂಗಾತ ಮಲಗಿಸಿ ಇಟ್ಟಿದ್ದಾರೆ.

ಇನ್ನೊಂದು ಲೆಕ್ಕ ನಮ್ಮ ಜೇಬಿಗೇ ತಾಗುತ್ತದೆ. ಗುಲಾಮಗಿರಿ ರದ್ದಾದಾಗ ಬ್ರಿಟಿಷ್ ಸರಕಾರ ಎರಡು ಕೋಟಿ ಪೌಂಡು ಪರಿಹಾರ ಕೊಟ್ಟಿತು. ಬಿಡುಗಡೆಯಾದವರಿಗೆ ಚಿಕ್ಕಾಸೂ ಇಲ್ಲ, ಎಲ್ಲ ದಣಿಗಳಿಗೇ. ಅದಕ್ಕಾಗಿ ಎತ್ತಿದ ಸಾಲದ ಕೊನೆಯ ಬಾಕಿ ತೀರಿದ್ದು 2015ರಲ್ಲಿ. ಅಂದರೆ ಅದಕ್ಕೂ ಮೊದಲು ಇಲ್ಲಿ ಸಂಬಳ ಪಡೆದ ನಮ್ಮವರ ತೆರಿಗೆಯೂ ಆ ಲೆಕ್ಕಕ್ಕೆ ಸಂದಿದೆ. ಸೇಂಟ್ ಪಾಲ್ಸ್ ಅಜ್ಜಿಯ ತೆರಿಗೆಯೂ ಸಂದಿದೆ. ತಮ್ಮ ಮುತ್ತಜ್ಜಂದಿರನ್ನು ಕೊಂಡವರಿಗೆ ಪರಿಹಾರ ಕಟ್ಟಿದ ಮೊಮ್ಮಕ್ಕಳು ಇವರು. ಹಾಗಿದ್ದೂ ಬೀದಿಯಲ್ಲಿ ಮೇಜು ಹಾಕಿ ಊರಿಗೆಲ್ಲ ಅನ್ನ ಬಡಿಸುತ್ತಾರೆ.

ಮೂರನೇ ಪುಟ: ಒಂದು ಡ್ರಮ್ಮು

ಈ ಹಬ್ಬ ಎಂದರೆ ಗದ್ದಲ, ಗರಿ, ಕುಣಿತ ಎಂದುಕೊಂಡವರಿಗೆ ಒಂದು ಎಣ್ಣೆ ಡ್ರಮ್ಮನ್ನು ತೋರಿಸಬೇಕು. ಟ್ರಿನಿಡಾಡ್‌ನಲ್ಲಿ ವಸಾಹತು ಸರಕಾರ 1880ರ ದಶಕದಲ್ಲಿ ಆಫ್ರಿಕಾ ಮೂಲದವರ ಚರ್ಮವಾದ್ಯಗಳಿಗೆ ನಿರ್ಬಂಧ ಹಾಕಿತು. ಜನ ಬಿದಿರಿನ ಗಳುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು. ಆಮೇಲೆ ಬಿಸ್ಕತ್ತಿನ ಡಬ್ಬಿ, ಬಣ್ಣದ ಡಬ್ಬಿ. 1930 ಮತ್ತು 40ರ ದಶಕಗಳಲ್ಲಿ ಎಣ್ಣೆ ಬಾವಿಗಳ ಆ ದ್ವೀಪದಲ್ಲಿ ಖಾಲಿ ಡ್ರಮ್ಮು ಕೈಗೆ ಸಿಕ್ಕಿತು. ಅದರ ತಳವನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಬೋಗುಣಿಯಂತೆ ತಗ್ಗಿಸಬೇಕು. ಒಂದೊಂದು ಸ್ವರಕ್ಕೆ ಒಂದೊಂದು ಮನೆ ಗುರುತು ಮಾಡಿ, ಬೆಂಕಿಗೆ ಹಿಡಿದು, ಮತ್ತೆ ತಟ್ಟಿ ಶ್ರುತಿ ಕೂಡಿಸಬೇಕು. ಅದೇ ಸ್ಟೀಲ್‌ಪ್ಯಾನ್. 1951ರಲ್ಲಿ ಲಂಡನ್ನಿನ ಫೆಸ್ಟಿವಲ್ ಆಫ್ ಬ್ರಿಟನ್‌ಗೆ ಟ್ರಿನಿಡಾಡ್‌ನ ವಾದ್ಯವೃಂದ ಬಂದು ನುಡಿಸಿದಾಗ ಬಿಳಿಯರು ಡ್ರಮ್ಮಿನ ಸುತ್ತ ತಿರುಗಿ ಅಚ್ಚರಿಪಟ್ಟರು.

ಕಾರ್ನಿವಲ್ ಬೀದಿಯಲ್ಲಿ ಅದೇ ಡ್ರಮ್ಮು ಎರಡು ಅವತಾರದಲ್ಲಿ ಸಿಗುತ್ತದೆ. ಅಡ್ಡ ಕೊಯ್ದರೆ ವಾದ್ಯ, ಉದ್ದಕ್ಕೆ ಸೀಳಿ ಕಾಲು ಕೊಟ್ಟರೆ ಜರ್ಕ್ ಕೋಳಿ ಸುಡುವ ಒಲೆ. ಬೇರೆಯವರು ಖಾಲಿಯಾಯಿತೆಂದು ಎಸೆದದ್ದರಲ್ಲಿ ಹಾಡು ಮತ್ತು ಊಟ ಎರಡನ್ನೂ ಹುಟ್ಟಿಸಿದ ಜನ ಇವರು.

ಹಬ್ಬ ಇಲ್ಲಿಗೆ ಬಂದದ್ದೂ ಏಟು ತಿಂದ ಮೇಲೆಯೇ. 1948ರ ಜೂನ್ 22ರಂದು ಎಂಪೈರ್ ವಿಂಡ್‌ರಶ್ ಹಡಗಿನಿಂದ ಕೆರಿಬಿಯನ್ ಜನ ಟಿಲ್‌ಬರಿಯಲ್ಲಿ ಇಳಿದರು. ಯುದ್ಧದಲ್ಲಿ ಬಸವಳಿದ ದೇಶಕ್ಕೆ ದುಡಿಯುವ ಕೈಗಳು ಬೇಕಿದ್ದವು, ಬಂದ ಕೈಗಳ ಬಣ್ಣ ಮಾತ್ರ ಬೇಡವಾಗಿತ್ತು. 1958ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಗಲಭೆಯಾಯಿತು. ಟ್ರಿನಿಡಾಡ್‌ನಲ್ಲಿ ಹುಟ್ಟಿದ ಪತ್ರಕರ್ತೆ ಕ್ಲಾಡಿಯಾ ಜೋನ್ಸ್ ಮುಂದಿನ ಜನವರಿಯಲ್ಲೇ, ಕೊರೆವ ಚಳಿಯಲ್ಲಿ, ಸೇಂಟ್ ಪ್ಯಾಂಕ್ರಸ್ ಪುರಭವನದ ಒಳಗೆ ಕಾರ್ನಿವಲ್ ನಡೆಸಿದರು. ಏಟಿಗೆ ಅವರು ಕೊಟ್ಟ ಜವಾಬು ಅದು.

ಬ್ರಿಸ್ಟಲ್‌ನ ಹಬ್ಬ 1968ರಲ್ಲಿ ಸೇಂಟ್ ಪಾಲ್ಸ್ ಫೆಸ್ಟಿವಲ್ ಎಂಬ ಹೆಸರಿನಲ್ಲಿ ಶುರುವಾಯಿತು. ಬಸ್ಸಿಗೆ ಅಡ್ಡ ಕೂತ ರಾಯ್ ಹ್ಯಾಕೆಟ್ ಇದರ ಹುಟ್ಟಿನಲ್ಲೂ ಇದ್ದರು. ಕಾರ್ಮೆನ್ ಬೆಕ್‌ಫರ್ಡ್ ಹೆಗಲು ಕೊಟ್ಟರು. ಅವರೂ ಸೇರಿ ಏಳು ಮಂದಿಯ ಆಳೆತ್ತರ ಮೀರಿದ ಚಿತ್ರಗಳನ್ನು ಕಲಾವಿದೆ ಮಿಶೆಲ್ ಕರ್ಟಿಸ್ ಬಡಾವಣೆಯ ಮನೆಗೋಡೆಗಳ ಮೇಲೆ ಬಿಡಿಸಿದ್ದಾರೆ. 'ಸೇಂಟ್ ಪಾಲ್ಸ್‌ನ ಏಳು ಸಂತರು' ಎಂದೇ ಅವರ ಹೆಸರು. ವಚನಕಾರರ ನಾಡಿನಿಂದ ಬಂದ ನಮಗೆ ಇದು ಹೊಸತಲ್ಲ: ಕಾಯಕ ಮಾಡಿದವರನ್ನು ಶರಣರೆನ್ನುವ ಪದ್ಧತಿ ನಮ್ಮಲ್ಲೂ ಇದೆ.

ಈ ಹಬ್ಬ ತಾನಾಗಿ ನಡೆಯುವುದಿಲ್ಲ. 2015ರಿಂದ ಮೂರು ವರ್ಷ ಕಾರ್ನಿವಲ್ ನಡೆಯಲೇ ಇಲ್ಲ. 2018ರಲ್ಲಿ, ಐವತ್ತನೇ ವರ್ಷಕ್ಕೆ, ಮತ್ತೆ ಎದ್ದು ನಿಂತಿತು. ಆಮೇಲೆ ಕೊರೋನಾ. ಬೀದಿ ಮುಚ್ಚುವುದಕ್ಕೆ, ಕಾವಲಿಗೆ, ಶೌಚಾಲಯಕ್ಕೆ, ಕಸ ಎತ್ತುವುದಕ್ಕೆ, ಎಲ್ಲದಕ್ಕೂ ದುಡ್ಡು ಬೇಕು. ನೋಡುವವರಿಗೆ ಹಬ್ಬ ಪುಕ್ಕಟೆ, ಮಾಡುವವರಿಗೆ ಅಲ್ಲ. ತೇರು ನಿಂತರೆ ನಮ್ಮೂರಲ್ಲಿ ಊರೇ ಹಗ್ಗಕ್ಕೆ ಕೈ ಹಾಕುತ್ತದೆ. ಇಲ್ಲಿ ತೇರು ನಿಂತಾಗ ನಾವು "ಈ ವರ್ಷ ಇಲ್ಲವಂತೆ" ಎಂದು ಬೇರೆ ಕಡೆ ಪಿಕ್‌ನಿಕ್ಕಿಗೆ ಹೋದೆವು.

ನಮ್ಮ ಮನೆಯೊಳಗಿನ ಆಫ್ರಿಕಾ

"ಅವರ ಹಬ್ಬಕ್ಕೂ ನಮಗೂ ಏನು ಸಂಬಂಧ?" ಎನ್ನುವವರು ತಮ್ಮ ತಟ್ಟೆ ನೋಡಿಕೊಳ್ಳಲಿ. ರಾಗಿ ಪೂರ್ವ ಆಫ್ರಿಕಾದ ಎತ್ತರದ ನೆಲದ ಬೆಳೆ, ಜೋಳವೂ ಆಫ್ರಿಕಾದ್ದೇ. ಸಾವಿರಾರು ವರ್ಷದ ಹಿಂದೆ ಕಡಲು ದಾಟಿ ಬಂದವು. ಮಂಡ್ಯದ ಮುದ್ದೆ, ವಿಜಯಪುರದ ರೊಟ್ಟಿ ಎರಡರ ತವರೂ ಒಂದೇ ಖಂಡ. ಸೇಂಟ್ ಪಾಲ್ಸ್ ಸುತ್ತಿನ ಅಂಗಡಿಗಳಲ್ಲಿ ಜಮೈಕಾದವರು ಕಲಲೂ ಎಂದು ಕೊಳ್ಳುವ ಸೊಪ್ಪು ನಮ್ಮ ಕೀರೆ, ಹರಿವೆಯ ಒಡಹುಟ್ಟು. ಕ್ರಿಸ್‌ಮಸ್‌ಗೆ ಅವರು ಶುಂಠಿ ಹಾಕಿ ಕಾಯಿಸುವ ಕೆಂಪು ಸಾರೆಲ್ ಪಾನಕ ನಮ್ಮ ಪುಂಡಿ ಗಿಡದ ಹೂದೊಟ್ಟಿನದು. ಟ್ರಿನಿಡಾಡ್‌ನ ಸಹೀನಾ ಎಂಬ ತಿಂಡಿಗೆ ಕೆಸುವಿನ ಎಲೆಯೂ ಕಡಲೆಹಿಟ್ಟೂ ಬೇಕು. ಪತ್ರೊಡೆ ತಿಂದ ನಾಲಿಗೆಗೆ ಇನ್ನೇನೂ ವಿವರಿಸಬೇಕಿಲ್ಲ.

ಸಹೀನಾ ಅಲ್ಲಿಗೆ ಹೋದದ್ದು ಹೇಗೆ? ಗುಲಾಮಗಿರಿ ಮುಗಿದಾಗ ತೋಟದ ದಣಿಗಳು ಅಗ್ಗದ ಕೂಲಿಗೆ ಭಾರತದತ್ತ ತಿರುಗಿದರು. 1845ರ ಮೇ 30ರಂದು ಫತೇಲ್ ರಜಾಕ್ ಹಡಗು ಟ್ರಿನಿಡಾಡ್ ಮುಟ್ಟಿತು. ಗಿರ್ಮಿಟ್ ಕೂಲಿಗಳು, ಅಂದರೆ ಕರಾರಿಗೆ ಸಹಿ ಹಾಕಿ ಹೋದ ಕೂಲಿಗಳು, 1917ರ ತನಕ ಹೋಗುತ್ತಲೇ ಇದ್ದರು. ಅವರ ಜೊತೆ ಮೊಹರಂ ಕೂಡ ಹೋಯಿತು. ಅಲ್ಲಿ ಅದರ ಹೆಸರು ಹೊಸೆ. ತಾಬೂತು ಕಟ್ಟುತ್ತಾರೆ, ತಾಸೆ ಬಾರಿಸುತ್ತಾರೆ, ಆಫ್ರಿಕಾ ಮೂಲದವರೂ ವಾದ್ಯಕ್ಕೆ ಕೈ ಹಾಕುತ್ತಾರೆ. 1884ರಲ್ಲಿ ಸ್ಯಾನ್ ಫರ್ನಾಂಡೋದಲ್ಲಿ ಆ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ರಾಯಚೂರು, ಕೊಪ್ಪಳದ ಕಡೆ ಅಲಾಯಿ ಕುಣಿತ ನೋಡಿ ಬೆಳೆದವರಿಗೆ, ಎಲ್ಲ ಜಾತಿಯವರೂ ದೇವರು ಹಿಡಿಯುವ ಆ ಹಬ್ಬ ಅಷ್ಟು ದೂರದ ದ್ವೀಪದಲ್ಲಿ ಉಸಿರಾಡುತ್ತಿದೆ ಎಂದು ಕೇಳಿದರೆ ಹೇಗಾಗಬೇಡ?

ಇನ್ನು ನಮ್ಮ ನೆಲದಲ್ಲೇ ಇರುವವರು. ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್ ಶಾಹನ ರಾಜ್ಯಭಾರ ತೂಗಿಸಿದ ವಜೀರ ಇಖ್ಲಾಸ್ ಖಾನ್ ಹಬ್ಶಿ, ಅಂದರೆ ಆಫ್ರಿಕಾ ಮೂಲದವನು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಿನಂಚಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರ ಹಡಗುಗಳಲ್ಲಿ ಗೋವೆಗೆ ಬಂದು, ಬಿಡಿಸಿಕೊಂಡು, ತಪ್ಪಿಸಿಕೊಂಡು ಘಟ್ಟ ಹತ್ತಿದವರ ಸಂತಾನ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಡಮಾಮಿಯ ಬಡಿತ, ಕುಣಿತ ಮಾತ್ರ ಎಲ್ಲರದೂ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಶಾಸನಸಭೆಯ ಮೆಟ್ಟಿಲು ಹತ್ತಿದ ಮೊದಲ ಸಿದ್ದಿ, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು 2020ರಲ್ಲಿ. ಬ್ರಿಸ್ಟಲ್‌ನಲ್ಲಿ ಸ್ಟೀಲ್‌ಪ್ಯಾನ್ ಕೇಳಿ ಕುಣಿದ ನಮ್ಮಲ್ಲಿ ಎಷ್ಟು ಜನ ಡಮಾಮಿ ಕೇಳಿದ್ದೇವೆ?

ತಪ್ಪೊಪ್ಪಿಗೆ

ಸಾಲಗಾರ ಲೆಕ್ಕ ಒಪ್ಪಿಸುವಾಗ ಬಚ್ಚಿಟ್ಟದ್ದನ್ನೂ ಹೇಳಬೇಕು.

ಕೆರಿಬಿಯನ್ ಜನರನ್ನು ನಾವು ಪ್ರೀತಿಸಿದ್ದು ಬೌಂಡರಿ ಗೆರೆಯ ಒಳಗೆ ಮಾತ್ರ. ವಿವ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರೂ ಮೊದಲ ಟೆಸ್ಟ್ ಆಡಿದ್ದು 1974ರ ನವೆಂಬರಿನಲ್ಲಿ, ನಮ್ಮ ಬೆಂಗಳೂರಿನಲ್ಲಿ. 2013ರ ಏಪ್ರಿಲ್ 23ರಂದು ಜಮೈಕಾದ ಕ್ರಿಸ್ ಗೇಲ್ ಚಿನ್ನಸ್ವಾಮಿ ಮೈದಾನದಲ್ಲಿ 175 ಹೊಡೆದಾಗ ಊರೇ ಅವರನ್ನು ಹೆಗಲ ಮೇಲೆ ಹೊತ್ತಿತು. ಮೂರು ವರ್ಷವೂ ತುಂಬಿರಲಿಲ್ಲ, 2016ರ ಜನವರಿ ಕೊನೆಯಲ್ಲಿ ಅದೇ ಬೆಂಗಳೂರಿನ ಹೊರವಲಯದಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಕೈ ಮಾಡಿತು. ಬೇರೆ ಯಾರೋ ಮಾಡಿದ ಅಪಘಾತಕ್ಕೆ ಅವಳು ಏಟು ತಿಂದಳು. ಗುಂಪಿನ ಕಣ್ಣಿಗೆ ಕಂಡದ್ದು ಬಣ್ಣ ಒಂದೇ.

ಇಲ್ಲಿ ನಾವೇನು ಕಡಿಮೆ? ಹೊಸದಾಗಿ ಬಂದ ಕನ್ನಡಿಗರು ಬಾಡಿಗೆ ಮನೆ ಹುಡುಕುವಾಗ "ಆ ಏರಿಯಾ ಬೇಡ, ಅಲ್ಲಿ ಅವರು ಜಾಸ್ತಿ" ಎಂದು ವಾಟ್ಸ್ಆ್ಯಪಿನಲ್ಲಿ ಬರೆದ ಬೆರಳುಗಳು ನಮ್ಮವೇ. "ಕಪ್ಪಾದರೂ ಲಕ್ಷಣವಾಗಿದ್ದಾಳೆ" ಎಂದ ನಾಲಿಗೆ ನಮ್ಮ ಮನೆಯದೇ. ಕೃಷ್ಣನನ್ನು ಕರಿಯನೆಂದು ಹಾಡಿ ಮುದ್ದಿಸಿ, ಅದೇ ಮಾತನ್ನು ಬೀದಿಯಲ್ಲಿ ಬೈಗುಳ ಮಾಡಿದ್ದೂ ನಾವೇ. ಬಿಳಿಯ ನೆರೆಯವರು ನಮ್ಮನ್ನು ಕಂಡು ಮುಖ ತಿರುಗಿಸಿದ ದಿನ ನಮಗೆ ಜನಾಂಗ ದ್ವೇಷ ಎಂಬ ಪದ ನೆನಪಾಗುತ್ತದೆ. ಉಳಿದ ದಿನ ಆ ಪದ ಕಪಾಟಿನಲ್ಲಿರುತ್ತದೆ.

ನಾವು ಮಾಡುವುದು

1. ಮೊದಲು ಕೇಳುತ್ತೇವೆ. ಏನು ಬೇಕು ಎಂದು ಹಬ್ಬ ನಡೆಸುವವರು ಹೇಳಬೇಕು. ಅವರಿಗೆ ಬೇಕಾದದ್ದು ಇಪ್ಪತ್ತು ಪೊರಕೆ ಆದರೆ ಇಪ್ಪತ್ತು ಪೊರಕೆಯನ್ನೇ ಒಯ್ಯುತ್ತೇವೆ, ಭರತನಾಟ್ಯವನ್ನಲ್ಲ.

2. ಕೈ ಕೊಡುತ್ತೇವೆ. ಪ್ರತಿಯೊಬ್ಬ ಸದಸ್ಯರೂ ವರ್ಷಕ್ಕೆ ಎರಡು ದಿನ. ಕಾರ್ನಿವಲ್ ವೇಷ ಕಟ್ಟುವ ಮನೆಗಳಲ್ಲಿ ಗರಿ ಅಂಟಿಸುವುದು, ಮಣಿ ಹೊಲಿಯುವುದು, ಮೇಜು ಹೊರುವುದು, ಕಸದ ಚೀಲ ಕಟ್ಟುವುದು. ನಮ್ಮಲ್ಲಿ ಡಾಕ್ಟರು, ನರ್ಸುಗಳು ಬಹಳ ಇದ್ದಾರೆ, ಪ್ರಥಮ ಚಿಕಿತ್ಸೆಯ ಡೇರೆಗೆ ಅವರು ನಿಲ್ಲುತ್ತಾರೆ. ಹುಲಿವೇಷಕ್ಕೆ ಬಣ್ಣ ಬಳಿದ ಮಂಗಳೂರಿನವರಿಗೆ ವೇಷದ ಮನೆಯ ರಾತ್ರಿಗಳು ಹೇಗಿರುತ್ತವೆಂದು ಕಲಿಸಬೇಕಾಗಿಲ್ಲ.

3. ದುಡ್ಡು ಕೊಡುತ್ತೇವೆ. ಮನೆಗೆ ತಿಂಗಳಿಗೆ ಐದು ಪೌಂಡು. ಹಬ್ಬ ನಡೆಸುವವರ ಕೈಗೆ ನೇರ. ನಮ್ಮ ಹೆಸರು ಬ್ಯಾನರಿನಲ್ಲಿ ಬೇಡ.

4. ಮಕ್ಕಳಿಗೆ ದಾರಿ ತೋರಿಸುತ್ತೇವೆ. ಕನ್ನಡ ಕಲಿ ತರಗತಿಯ ಮಕ್ಕಳನ್ನು ವರ್ಷಕ್ಕೊಮ್ಮೆ ಪೆರೋಸ್ ಬ್ರಿಜ್, ಎಂ ಶೆಡ್, ಏಳು ಸಂತರ ಗೋಡೆಗಳು, ಹೆನ್‌ಬರಿಯ ಚರ್ಚಿನ ಅಂಗಳಕ್ಕೆ ನಡೆಸಿಕೊಂಡು ಹೋಗುತ್ತೇವೆ. ಆ ಅಂಗಳದಲ್ಲಿ 1720ರಲ್ಲಿ ಹದಿನೆಂಟನೇ ವಯಸ್ಸಿಗೆ ತೀರಿಕೊಂಡ ಸಿಪಿಯೋ ಆಫ್ರಿಕಾನಸ್ ಎಂಬ ಆಫ್ರಿಕಾದ ಹುಡುಗನ ಸಮಾಧಿಯಿದೆ. ಆ ಕಥೆಗಳನ್ನು ಮಕ್ಕಳು ಕನ್ನಡದಲ್ಲೇ ಬರೆಯಲಿ.

5. ವ್ಯಾಪಾರ ಮಾಡುತ್ತೇವೆ. ನಮ್ಮ ರಾಜ್ಯೋತ್ಸವದ ಊಟದಲ್ಲಿ ಒಂದು ಬಗೆ ಸೇಂಟ್ ಪಾಲ್ಸ್, ಈಸ್ಟನ್ ಕಡೆಯ ಅಡುಗೆಯವರಿಂದ ಬರಲಿ. ಸ್ಟೀಲ್‌ಪ್ಯಾನ್ ನುಡಿಸುವವರನ್ನು ಕರೆದರೆ ಶಾಲು ಹೊದಿಸಿ ಕಳಿಸಿಬಿಡುವ ಚಾಳಿ ಬಿಟ್ಟು ಸಂಭಾವನೆ ಕೊಡುತ್ತೇವೆ.

6. ನಾಲಿಗೆ ತಿದ್ದಿಕೊಳ್ಳುತ್ತೇವೆ. ಮನೆಯಲ್ಲಿ, ಗುಂಪಿನಲ್ಲಿ, ಊರಿಗೆ ಮಾಡುವ ಫೋನಿನಲ್ಲಿ ಬಣ್ಣದ ಮಾತು ಬಂದಾಗ "ಹಾಗನ್ನಬೇಡಿ ಅತ್ತೆ" ಎನ್ನುವ ಧೈರ್ಯ ಮಾಡುತ್ತೇವೆ. ಏಳು ವಚನಗಳಲ್ಲಿ ಇದೇ ಕಷ್ಟದ್ದು.

7. ಸಿದ್ದಿಗಳ ಕಡೆ ತಿರುಗುತ್ತೇವೆ. ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡು ಸೇರಿಸಿ ಹೊಲಿಯುವ ಕೌದಿಗೆ ಲೋಕದಲ್ಲಿ ಹೆಸರಿದೆ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಫುಲ ಇಡುತ್ತಾರೆ, ಅದಿಲ್ಲದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ. ಅವರು ಹೇಳಿದ ಬೆಲೆ ಕೊಟ್ಟು ಕೊಳ್ಳುತ್ತೇವೆ. ಅವರು ಒಪ್ಪಿದರೆ, ಇಲ್ಲಿನ ಹಬ್ಬದವರು ಬಯಸಿದರೆ, ಡಮಾಮಿ ಒಂದು ದಿನ ಈ ಬೀದಿಗೂ ಬರಲಿ.

ನಾವು ಮಾಡದಿರುವುದು

ವೇದಿಕೆ ಕೇಳುವುದಿಲ್ಲ. ಅವರ ಪರವಾಗಿ ಭಾಷಣ ಮಾಡುವುದಿಲ್ಲ. "ನಮಗೂ ಬ್ರಿಟಿಷರು ಹೀಗೇ ಮಾಡಿದರು" ಎಂದು ಅವರ ಕಥೆಯ ನಡುವೆ ನಮ್ಮ ಕಥೆ ತೂರಿಸುವುದಿಲ್ಲ. ಕಸ ಗುಡಿಸುವಾಗ ಸೆಲ್ಫಿ ತೆಗೆಯುವುದಿಲ್ಲ. ಮಳೆ ಬಂತೆಂದು ಹೊರಡುವುದಿಲ್ಲ, ಬ್ರಿಸ್ಟಲ್‌ನಲ್ಲಿ ಈ ಪ್ರತಿಜ್ಞೆಯ ತೂಕ ಬಲ್ಲವರೇ ಬಲ್ಲರು.

ನಮ್ಮ ಕೂಟಕ್ಕೆ ಹೆಸರಿಟ್ಟಿಲ್ಲ. ಹೆಸರಿಟ್ಟರೆ ಬ್ಯಾನರು ಬೇಕು, ಬ್ಯಾನರು ಬಂದರೆ ಅಧ್ಯಕ್ಷರು ಬೇಕು, ಅಧ್ಯಕ್ಷರು ಬಂದರೆ ಎರಡನೇ ವರ್ಷಕ್ಕೆ ಎರಡು ಕೂಟ ಆಗುತ್ತದೆ. ಕನ್ನಡಿಗರಿಗೆ ಇದನ್ನು ವಿವರಿಸಬೇಕೇ? ಸದ್ಯಕ್ಕೆ ಒಬ್ಬರು ಲೆಕ್ಕ ಬರೆಯುತ್ತಾರೆ, ಒಬ್ಬರು ಫೋನು ಮಾಡುತ್ತಾರೆ, ಉಳಿದವರು ಹೊರುತ್ತಾರೆ.

ವರ್ಷದ ಪಂಚಾಂಗ

ಏಪ್ರಿಲ್ 30, ಬಹಿಷ್ಕಾರದ ದಿನ: ಬಸ್ ನಿಲ್ದಾಣದೊಳಗೆ ಅದರ ನೆನಪಿನ ಫಲಕವಿದೆ, ಅಲ್ಲಿ ಸೇರುತ್ತೇವೆ. ಜೂನ್ 22, ವಿಂಡ್‌ರಶ್ ದಿನ: ಹಿರಿಯರ ಮಾತು ಕೇಳುವ ದಿನ, ನಮ್ಮ ಮಾತು ಇಲ್ಲ. ಜುಲೈ: ಕಾರ್ನಿವಲ್ ಇದ್ದರೆ ಕೆಲಸ. ಇಲ್ಲದ ವರ್ಷ, ಮುಂದಿನ ವರ್ಷಕ್ಕೆ ದುಡ್ಡು ಕೂಡಿಸುವ ಕೆಲಸ. ಸೆಪ್ಟೆಂಬರ್ 17: ಇದು ನಮ್ಮ ಋಣದ ದಿನ, ಎಲ್ಲರೂ ಮನೆಯಲ್ಲಿ ಕಾರು ಬಿಟ್ಟು ಬಸ್ಸು ಹತ್ತುತ್ತೇವೆ, ಮಕ್ಕಳಿಗೆ 1963ರ ಕಥೆ ಹೇಳುತ್ತೇವೆ. ಅಕ್ಟೋಬರ್, ಬ್ರಿಟನ್ನಿನಲ್ಲಿ 1987ರಿಂದ ನಡೆದು ಬಂದ ಕಪ್ಪುಜನರ ಇತಿಹಾಸದ ತಿಂಗಳು: ಕೇಳುವುದು, ಓದುವುದು. ನವೆಂಬರ್: ರಾಜ್ಯೋತ್ಸವ, ನಾವು ಆತಿಥೇಯರು.

ಕರೆ

ಬ್ರಿಸ್ಟಲ್‌ನ ಕನ್ನಡಿಗರೇ, ಬನ್ನಿ. ಲೀಡ್ಸ್, ಬರ್ಮಿಂಗ್‌ಹ್ಯಾಮ್, ಲಂಡನ್, ಟೊರಾಂಟೋದ ಕನ್ನಡಿಗರೇ, ನಿಮ್ಮ ಊರಿನಲ್ಲೂ ಕೆರಿಬಿಯನ್ ಹಬ್ಬಗಳಿವೆ, ಸಂಜೆ ಮಡಿಸಬೇಕಾದ ಮೇಜುಗಳಿವೆ. ಬರುವಾಗ ಗಟ್ಟಿ ಶೂ, ಕೈಗವಸು, ಮಳೆಯಂಗಿ ಇರಲಿ.

ಬಾಗಿಲಲ್ಲಿ ಅಜ್ಜಿ ಕೇಳಿದ ಮಾತು ಬಾಕಿ ಉಳಿಯಿತು. ಮೇಜು ಒಳಗಿಟ್ಟ ಮೇಲೆ ಅವರು ಥ್ಯಾಂಕ್ಸ್ ಹೇಳಲಿಲ್ಲ. "ಬಾಡಿಗೆ ಕುರ್ಚಿ ನಾಳೆ ವಾಪಸು ಕೊಡಬೇಕು. ಎಷ್ಟು ಗಂಟೆಗೆ ಬರ್ತೀರಿ?" ಎಂದರು. ತಮಾಷೆ ಎಂದುಕೊಂಡು ನಾವು ನಕ್ಕೆವು. ಮರುದಿನ ಭಾನುವಾರ, ಯಾರೂ ಹೋಗಲಿಲ್ಲ. ಅಷ್ಟು ಕುರ್ಚಿಗಳನ್ನು ಯಾರು ಹೊತ್ತರೋ ನಮಗೆ ತಿಳಿಯದು.

ಅಜ್ಜಿ, ತಡವಾಯಿತು. ಈ ಸಲ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಬರುತ್ತೇವೆ.